ಮೂರು ತಾಲ್ಲೂಕಲ್ಲಿ ಯಾರಿಗೂ ಇಲ್ಲದ ಹೆಸರು

ಹೆಸರಿನ ತಂಟೆ ನನ್ನನ್ನು ನೆಮ್ಮದಿಯಾಗಿ ಬಿಟ್ಟ ವಾರವೇ ಇಲ್ಲ. ನಾನು ಹಳೇಬೀಡಿನಲ್ಲಿ ಗೈಡು. ಹಾರನಹಳ್ಳಿ ಪಕ್ಕದ ಹಳ್ಳಿಯಲ್ಲಿ ಹುಟ್ಟಿ, ಸರ್ಕಾರಿ ಶಾಲೆಯಲ್ಲಿ ಓದಿ, ದೇವಸ್ಥಾನದ ಜಗತಿಯ ಮೇಲೆ ನಿಂತು ನಿಂತೇ ಇಂಗ್ಲಿಷ್ ಕಲಿತವನು. ನನ್ನ ಹಾಗೆ ಕಥೆ ಹೇಳುವ ಗೈಡು ಈ ಕಡೆ ಇನ್ನೊಬ್ಬನಿಲ್ಲ. ಅನುಮಾನ ಇದ್ದವರು ಬಂದು ಕೇಳಿಸಿಕೊಳ್ಳಬಹುದು. ಬಂದವರನ್ನೆಲ್ಲ ಮೊದಲು ಹೆಸರು ಕೇಳುತ್ತೇನೆ, ಆಮೇಲೆ ಅದರ ಅರ್ಥ ಕೇಳುತ್ತೇನೆ. ಹೀಗೆ ದೇಶದೇಶದ ಹೆಸರು ನನ್ನ ತಲೆಯಲ್ಲಿ ಸೇರಿಕೊಂಡು, ಅರಸೀಕೆರೆಯಿಂದ ಬಿಕ್ಕೋಡಿನ ತನಕ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಫೋನು ನನಗೇ.

"ಯಾರೂ ಇಟ್ಟಿರಬಾರದು, ಅಂಥ ಹೆಸರು ಹೇಳಣ್ಣ."

ಹೇಳುತ್ತೇನೆ.

"ಇದ್ಯಾವುದಣ್ಣ? ಯಾರೂ ಇಟ್ಟೇ ಇಲ್ವಲ್ಲ!"

ಇಂಥವರನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ. ಈ ಸಲ ಗ್ರಹಚಾರ ತಂಗಿಯ ಮನೆಯಿಂದಲೇ ಬಂತು.

೧. ಮಾತು ಕೊಟ್ಟಿದ್ದು

ತಂಗಿಯನ್ನು ಕೊಟ್ಟಿರುವುದು ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳ ಮನೆಗೆ. ಅವಳಿಗೆ ಹೆಣ್ಣುಮಗು ಆಯಿತು. ಬಾಣಂತಿಯನ್ನು ನೋಡಲು ಅವಳ ಅತ್ತೆ ನಮ್ಮೂರಿಗೆ ಬಂದರು. ನಾನೂ ಅವರನ್ನು ಅತ್ತೆ ಅಂತಲೇ ಕರೆಯುವುದು. ಕಾಫಿ ಲೋಟ ಕೆಳಗಿಟ್ಟು, ಎಲ್ಲರೆದುರು ಕೇಳಿದರು:

"ಏನಪ್ಪಾ ಸೋದರಮಾವ, ಊರಿಗೆಲ್ಲ ಹೆಸರು ಹಂಚ್ತೀಯಂತೆ. ನಮ್ಮ ಮಗೀಗೇನು ಇಟ್ಟಿದ್ದೀಯ?"

ನಾನು ಸುಮ್ಮನಿರುವ ಜಾತಿಯೇ? "ಅತ್ತೆ, ಅರಸೀಕೆರೆ, ಬೇಲೂರು, ಹಾಸನ, ಈ ಮೂರು ತಾಲ್ಲೂಕಲ್ಲಿ ಯಾರಿಗೂ ಇಲ್ಲದ ಹೆಸರು ತರ್ತೀನಿ. ತರದೆ ಇದ್ರೆ ನನ್ನನ್ನ ಗೈಡು ಅಂತ ಕರೀಬೇಡಿ" ಅಂದೆ.

ಅವರು ಹೋದ ಮೇಲೆ ತಂಗಿ ನನ್ನ ಮೇಲೆ ಹರಿಹಾಯ್ದಳು. "ನೀನೇನೋ ಹೇಳಿಬಿಟ್ಟೆ ಕಣೋ ಅಣ್ಣ. ಹೆಸರು ಸಿಗದೆ ಇದ್ರೆ ಆ ಮನೇಲಿ ಜೀವ ಇರೋವರೆಗೂ ಚುಚ್ಚಿಸ್ಕೊಳ್ಳೋಳು ನಾನು."

ಸಾಲದ್ದಕ್ಕೆ ಜೋಯಿಸರು ಕೊಟ್ಟ ಅಕ್ಷರ ‘ಹೆ’. ಹೇಮಾ, ಹೇಮಲತಾ, ಹೇಮಾವತಿ, ಮುಗಿಯಿತು! ಬೀದಿಗೊಬ್ಬಳು ಹೇಮಾ ಇದ್ದಾಳೆ, ಹೇಮಾವತಿ ಅಂತ ಹೊಳೆಯೇ ಇದೆ. ಹೊಸದಾಗಿ ಏನಾದರೂ ಹೊಳೆದರೆ ಹೇಳಿ ಅಂತ ಮನೆಯವರನ್ನೆಲ್ಲ ಕೇಳಿದೆ. ನಮ್ಮಪ್ಪ ಬಹಳ ಹೊತ್ತು ಕಣ್ಣು ಮುಚ್ಚಿ ಯೋಚಿಸಿ, "ಹೆಗ್ಗಣ" ಅಂದರು.

೨. ಜಪಾನಿನ ಸಾಕಮ್ಮ

ಮರುದಿನದಿಂದಲೇ ಬೇಟೆ ಶುರು. ಜಪಾನಿನ ಹೆಂಗಸೊಬ್ಬರು ಬಂದಿದ್ದರು. ಅವರ ಹೆಸರು ನನ್ನ ಕೆಲಸಕ್ಕೆ ಬರಲಿಲ್ಲ. ನಿಮ್ಮ ಮನೆಯಲ್ಲಿ ಇನ್ನೇನು ಅಪರೂಪದ ಹೆಸರಿದೆ ಅಂದೆ. ಅವರ ಅಜ್ಜಿಯ ಹೆಸರು ತೊಮೆ ಅಂತೆ. ಹಾಗಂದರೆ ‘ನಿಲ್ಲಿಸು’. ಮಕ್ಕಳು ಮೇಲಿಂದ ಮೇಲೆ ಹುಟ್ಟಿ ಸಾಕಾದಾಗ ಹಳೇ ಕಾಲದಲ್ಲಿ ಅಲ್ಲಿ ಹಾಗೆ ಇಡುತ್ತಿದ್ದರಂತೆ.

"ನಮ್ಮಜ್ಜಿ ಸಾಕಮ್ಮ! ಹೆಣ್ಣು ಸಾಕು ಅಂತ ಇಟ್ಟಿದ್ದು!" ಅಂದೆ.

ಆಕೆಗೆ ಎಲ್ಲಿಲ್ಲದ ಖುಷಿ. "ನಿಂತಿತಾ?" ಅಂತ ಕೇಳಿದರು.

"ಎಲ್ಲಿಂದ ನಿಲ್ಲುತ್ತೆ? ನಮ್ಮಜ್ಜಿ ಬೆನ್ನಿಗೆ ಇನ್ನೂ ಮೂರು ಹೆಣ್ಣು."

"ನಮ್ಮಲ್ಲೂ ಇಬ್ಬರು" ಅಂದರು ಆಕೆ.

ನನ್ನ ಕೈಗೆ ಹೆಸರಂತೂ ಸಿಗಲಿಲ್ಲ. ಮನೆಗೆ ಹೋಗಿ ಅಜ್ಜಿಗೆ ಈ ಸಂಗತಿ ಹೇಳಿದೆ. ಅಜ್ಜಿ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿತು.

"ಆ ಊರಲ್ಲೂ ದೇವ್ರಿಗೆ ಕಿವಿ ಕೇಳ್ಸಲ್ವೇನ್ಲಾ?"

೩. ಅಣ್ಣ ಯಾರು, ತಮ್ಮ ಯಾರು

ಬೇಲೂರು ಬಸ್ ಸ್ಟ್ಯಾಂಡಿನ ಹತ್ತಿರ ಅವಳಿ ಅಣ್ಣತಮ್ಮಂದಿರ ಟೀ ಅಂಗಡಿ ಇದೆ. ಅಣ್ಣ ಗಲ್ಲಾದಲ್ಲಿ ಕೂರುತ್ತಾನೆ, ತಮ್ಮ ಲೋಟ ತೊಳೆಯುತ್ತಾನೆ. ನೈಜೀರಿಯಾದ ಪ್ರವಾಸಿಯೊಬ್ಬರನ್ನು ಅಲ್ಲಿಗೇ ಟೀಗೆ ಕರೆದುಕೊಂಡು ಹೋಗಿದ್ದೆ. ಅವರ ಹೆಸರು ತೈವೊ. ಅವರೂ ಅವಳಿಯೇ. ಅವರ ಕಡೆ ಮೊದಲು ಹುಟ್ಟಿದ ಮಗುವಿಗೆ ಆ ಹೆಸರು, ಆದರೆ ಅದನ್ನು ತಮ್ಮ ಅಂತ ಲೆಕ್ಕ ಹಿಡಿಯುತ್ತಾರಂತೆ. ಒಳಗಿರುವ ಅಣ್ಣ, "ಹೋಗಿ ಲೋಕ ಹೆಂಗಿದೆ ನೋಡ್ಕೊಂಡು ಬಾ" ಅಂತ ತಮ್ಮನನ್ನು ಮುಂದೆ ಕಳಿಸಿ, ತಾನು ನಿಧಾನವಾಗಿ ಬರುತ್ತಾನಂತೆ.

ಇಷ್ಟು ಚೆಂದದ ಮಾತನ್ನು ಇಟ್ಟುಕೊಂಡು ನಾನು ಸುಮ್ಮನಿರಲೇ? ಅಂಗಡಿಗೆಲ್ಲ ಕೇಳುವಂತೆ ಕನ್ನಡದಲ್ಲಿ ಹೇಳಿದೆ. ಲೋಟ ತೊಳೆಯುತ್ತಿದ್ದವನು ಕೈ ಒರೆಸಿಕೊಂಡು ಗಲ್ಲಾದ ಮುಂದೆ ಬಂದು ನಿಂತ.

"ಏಳ್ಲಾ ಮೇಲೆ. ನಿನ್ನ ಕಳಿಸಿದ್ದೇ ನಾನು."

ಕೂತವನು ಏಳಲಿಲ್ಲ. ಮಾತಿಗೆ ಮಾತು ಬೆಳೆದು, ಕಡೆಗೆ ಬಿಕ್ಕೋಡಿನಲ್ಲಿದ್ದ ತಾಯಿಗೆ ಫೋನು ಹೋಯಿತು. ಸ್ಪೀಕರಿನಲ್ಲಿ ಆಕೆ ಅಂದರು:

"ಯಾರು ಮುಂಚೆ ಬಂದ್ರೋ ನಂಗೇನು ಗೊತ್ತು? ನಂಗೆ ಗ್ಯಾನ ಇತ್ತಾ? ಜೋರಾಗಿ ಅತ್ತೋನ್ನ ದೊಡ್ಡೋನು ಅಂದ್ಕೊಂಡ್ವಿ."

ಆವತ್ತಿನಿಂದ ನಾನು ಹೋಗಿ ಕೂತರೆ ಗಲ್ಲಾದವನು ಮುಖ ತಿರುಗಿಸಿ, "ಟೀ ಇಲ್ಲ. ನೈಜೀರಿಯಾದಲ್ಲಿ ಕುಡೀರಿ" ಅನ್ನುತ್ತಾನೆ.

೪. ಮೂರು ದಾರಿಯ ದೇವತೆ

ಹೆಸರಿಡುವ ದಿನ ಹತ್ತಿರ ಬಂತು. ದಿನಾ ಮನೆಗೆ ಹೋದರೆ ತಂಗಿ ಅಳುವುದೊಂದು ಬಾಕಿ. ಅಷ್ಟರಲ್ಲಿ ಅವಳ ನಾದಿನಿ ಮೊಬೈಲಿನಲ್ಲಿ ತಾನೇ ಒಂದು ಹೆಸರು ಹುಡುಕಿಬಿಟ್ಟಳು: ಹೆಕಟೆ. ಅರ್ಥ, ಗ್ರೀಕ್ ದೇವತೆ. ಅಷ್ಟೇ ಬರೆದಿತ್ತು. ಆ ಸೈಟುಗಳಲ್ಲಿ ಯಾವ ಹೆಸರು ಒತ್ತಿದರೂ ದೇವತೆಯೇ ಬರುವುದು.

ನಾನು ಬಿಡುವವನಲ್ಲ. ಗ್ರೀಸಿನಿಂದ ಬಂದ ದಂಪತಿಗಳನ್ನೇ ಹಿಡಿದು ವಿಚಾರಿಸಿ, ಅರಸೀಕೆರೆಗೆ ಫೋನು ಮಾಡಿದೆ. "ಅತ್ತೆ, ಬೇಡವೇ ಬೇಡ. ಅವಳು ದೆವ್ವ, ಮಾಟ ಇವುಗಳ ದೇವತೆ. ಮೂರು ದಾರಿ ಕೂಡೋ ಕಡೆ ಇರ್ತಾಳಂತೆ. ಹಳೇ ಕಾಲದಲ್ಲಿ ಅಮಾವಾಸ್ಯೆ ಬಂದ್ರೆ ಅಲ್ಲಿ ಎಡೆ ಇಡ್ತಿದ್ರಂತೆ."

ಹೆದರಿದರು ಅಂದುಕೊಂಡೆ.

"ಮೂರು ದಾರೀಲಿ ಎಡೆ ಇಡ್ತಾರಾ?" ಅಂದರು ಅತ್ತೆ. "ಹಂಗಾದ್ರೆ ನಮ್ಮ ಕಡೆಯೋಳೇ ಬಿಡು."

ಅದನ್ನು ಬಿಡಿಸುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಯಿತು.

೫. ಮುತ್ತು

ಕಡೆಗೂ ನನ್ನ ಅದೃಷ್ಟ ಫಿನ್‌ಲ್ಯಾಂಡಿನಿಂದ ಬಂತು. ಬೆನ್ನಿಗೆ ಚೀಲ ಹಾಕಿಕೊಂಡಿದ್ದ ಒಬ್ಬ ಹುಡುಗಿ. ಹೆಸರು ಹೆಲ್ಮಿ. ಅರ್ಥ, ಮುತ್ತು. ‘ಹೆ’ಯಿಂದಲೇ ಶುರು, ಕರೆಯೋಕೆ ಪುಟ್ಟದು, ಅರ್ಥವೋ ಬಂಗಾರದಂಥದ್ದು! ಆ ಹುಡುಗಿಗೆ ದೇವಸ್ಥಾನವನ್ನು ಎರಡು ಸುತ್ತು ತೋರಿಸಿದೆ. ಮನೆಯಲ್ಲಿ ಯಾರಿಗೂ ಬಾಯಿ ಬಿಡಲಿಲ್ಲ.

ಹೆಸರಿಡುವ ದಿನ ಅರಸೀಕೆರೆಯ ಮನೆ ತುಂಬ ನೆಂಟರು. ಮಗುವನ್ನು ತೊಟ್ಟಿಲಿಗೆ ಹಾಕಿದರು. ನಾದಿನಿ ಸೋದರತ್ತೆ ತಾನೇ, ಅವಳೇ ಬಗ್ಗಿ ಮಗುವಿನ ಕಿವಿಯಲ್ಲಿ ನಾನು ಹೇಳಿಕೊಟ್ಟ ಹೆಸರು ಹೇಳಿದಳು. ನಾನು ಎದ್ದು ನಿಂತು, ಪ್ರವಾಸಿಗರಿಗೆ ಹೇಳುವ ದನಿಯಲ್ಲೇ ಸಾರಿದೆ: "ಹೆಲ್ಮಿ! ಮೂರು ತಾಲ್ಲೂಕಲ್ಲಿ ಯಾರಿಗೂ ಇಲ್ಲ!"

"ಹಂಗಂದ್ರೇನಪ್ಪಾ?" ತಂಗಿಯ ಮಾವ ಕೇಳಿದರು.

"ಮುತ್ತು ಅಂತ, ಮಾವ."

ಮಾವ ಹೆಗಲ ಮೇಲಿನ ಟವಲ್ಲು ಕಣ್ಣಿಗೆ ಒತ್ತಿಕೊಂಡರು. "ನಮ್ಮವ್ವ ಮುತ್ತಮ್ಮನ ಹೆಸರು ಉಳಿಸ್ದ್ಯಲ್ಲಪ್ಪಾ!"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಂದೆ ಬಂದರು. "ನಿಮ್ಮವ್ವಂದಲ್ಲ ಕಣ್ರೀ. ಅದು ನಂದು."

ಮಗನ ಲಗ್ನಪತ್ರಿಕೆಯಲ್ಲಿ, ರೇಷನ್ ಕಾರ್ಡಿನಲ್ಲಿ, ಎಲ್ಲ ಕಡೆಯೂ ಅತ್ತೆಯ ಹೆಸರು ಪಾರ್ವತಮ್ಮ. ಆದರೆ ತವರಲ್ಲಿ ಇಟ್ಟಿದ್ದು ಮುತ್ತಮ್ಮ ಅಂತಂತೆ. ಮದುವೆಯಾಗಿ ಬಂದರೆ ಇಲ್ಲಿ ಅವರ ಅತ್ತೆಯೂ ಮುತ್ತಮ್ಮನೇ. ಹಿರಿಯಳ ಹೆಸರು ಹಿಡಿದು ಸೊಸೆಯನ್ನು ಬೈಯೋದು ಹೇಗೆ? ಅದಕ್ಕೇ ಹೊಸ್ತಿಲ ಮೇಲೇ ಹೆಸರು ಬದಲಾಯಿಸಿ ಒಳಗೆ ಕರೆದುಕೊಂಡರಂತೆ.

"ನಿಂಗೆ ಇನ್ನೊಂದು ಹೆಸರು ಬೇರೆ ಇತ್ತಾ?" ಅಂದರು ಮಾವ.

ಅತ್ತೆ ಅವರನ್ನು ನೋಡಿದ ನೋಟವನ್ನು ನಾನು ಬರೆಯುವುದಿಲ್ಲ. ತೊಟ್ಟಿಲ ಮೇಲೆ ಬಗ್ಗಿ, "ಮುತ್ತಮ್ಮಾ" ಅಂತ ಕರೆದರು. ಮಗು ನಕ್ಕೇಬಿಟ್ಟಿತು.

"ಅತ್ತೆ, ಹೆಲ್ಮಿ ಅಂತ..." ಅಂದೆ.

"ಗೊತ್ತಪ್ಪ. ಅದೇ, ಮುತ್ತಮ್ಮ."

ಮೂರು ತಾಲ್ಲೂಕು ಅಂತ ಎದೆ ತಟ್ಟಿಕೊಂಡಿದ್ದೆನಲ್ಲ, ಆ ಹೆಸರು ಒಂದೇ ಮನೆಯಲ್ಲಿ ಮೂರನೆಯದಾಗಿ ಕೂತಿತು! ಅಷ್ಟರಲ್ಲಿ ತಂಗಿ ನನ್ನ ತೋಳು ಹಿಡಿದು ಮೂಲೆಗೆ ಎಳೆದಳು. "ಅತ್ತೆ ಹೆಸರು ನಾನು ಬಾಯಲ್ಲಿ ಅನ್ನಂಗಿಲ್ಲ ಕಣೋ. ನನ್ನ ಮಗೂನ ನಾನು ಏನಂತ ಕರೀಲಿ?"

ಹಾಗಾಗಿ ಈಗ ಆ ಮನೆಯಲ್ಲಿ ಮಗುವನ್ನು ಹೆಲ್ಮಿ ಅಂತ ಕರೆಯುವವಳು ತಂಗಿಯೊಬ್ಬಳೇ. ಹೋದ ವಾರ ಹೋಗಿದ್ದಾಗ ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದುದು ನನ್ನ ಕಿವಿಗೇ ಬಿತ್ತು:

"ಸೊಸೆ ಅಂದ್ರೆ ನಮ್ಮನೆಯೋಳು ಕಣ್ರೀ. ನನ್ನ ಹೆಸರು ಅನ್ನಬಾರದು ಅಂತ ಮಗೂನ ಕರಿಯೋಕೆ ಅವರಣ್ಣನ ಕೈಲಿ ಫಾರಿನ್ನಿಂದ ಬೇರೆ ಹೆಸರು ತರಿಸ್ಕೊಂಡವ್ಳೆ."