ಭಾವ ಕಾವಲು ಕೂತ ಮತ್ತಿ ಮರ

ನಮ್ಮ ಭಾವ ಗಡ್ಡ ಬೋಳಿಸುವಾಗ ಕನ್ನಡಿಯಲ್ಲಿರುವವನ ಮೇಲೂ ಒಂದು ಕಣ್ಣಿಟ್ಟಿರುತ್ತಾನೆ ಎಂದರೆ ನೀವು ನಂಬಲಿಕ್ಕಿಲ್ಲ. ಬೇಡ ಬಿಡಿ, ಅವನೂ ನಿಮ್ಮನ್ನು ನಂಬುವುದಿಲ್ಲ! ಅಕ್ಕನ ಗಂಡ ಎಂಬ ಮುಲಾಜಿಗೆ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇಡಗುಂಜಿ ದೇವಸ್ಥಾನಕ್ಕೆ ಹೋದರೆ ಒಂದು ಚಪ್ಪಲಿಯನ್ನು ಹೂವಿನಂಗಡಿ ಹತ್ತಿರ ಬಿಡುತ್ತಾನೆ, ಇನ್ನೊಂದನ್ನು ಬಸ್ಸು ನಿಲ್ಲುವಲ್ಲಿ. ಕಳ್ಳನಿಗೆ ಜೋಡಿ ಸಿಗಬಾರದಲ್ಲ! ಬರುವಾಗ ಭಾವನಿಗೂ ಸಿಗುವುದಿಲ್ಲ.

ಇಂಥವನ ಅಡುಗೆಮನೆಯ ಮಾಡು ಕಳೆದ ಮಳೆಗಾಲದ ಗಾಳಿಗೆ ಕುಸಿಯಿತು. ಅಕ್ಕ ಪಾಪ, ಹಿತ್ತಲಲ್ಲಿ ತಾಡಪಾಲು ಕಟ್ಟಿಕೊಂಡು ಹೊಗೆ ಕುಡಿಯುತ್ತ ಅನ್ನ ಬೇಯಿಸತೊಡಗಿದಳು. ಅದೇ ಗಾಳಿಗೆ ಮನೆ ಹಿಂದಿನ ಫಾರೆಸ್ಟಿನಲ್ಲಿ ಒಂದು ಮತ್ತಿ ಮರವೂ ಬಿದ್ದಿತ್ತು. ಬಿದ್ದರೂ ಸರ್ಕಾರದ್ದೇ ತಾನೇ? ಭಾವ ಫಾರೆಸ್ಟ್ ಗಾರ್ಡನ ಹತ್ತಿರ ಮರ ಕೇಳಿದ.

"ಮೇಲಿನ ಸಾಹೇಬ್ರು ಹೂಂ ಅಂದ್ರೆ ಮಾಡಿಗೆ ಬೇಕಾದಷ್ಟು ಒಯ್ಯಿ. ಅಲ್ಲೀವರೆಗೆ ಮುಟ್ಬೇಡ" ಅಂದ ಗಾರ್ಡು.

ಭಾವ ಮುಟ್ಟಲಿಲ್ಲ. ಆದರೆ ಊರಿನವರು? ಅಂದಿನಿಂದ ನಿದ್ದೆ ಹಾರಿತು. ರಾತ್ರಿಯೆಲ್ಲ ಬ್ಯಾಟರಿ ಹಿಡಿದು ಕಾವಲು. ಅಕ್ಕ ಕೇಳಿದರೆ "ಹೊಟ್ಟೆ ಸರಿ ಇಲ್ಲ" ಅನ್ನುವುದು. ಹೆಂಡತಿಗೆ ಹೇಳಿದರೆ ಊರಿಗೇ ಹೇಳಿದಂತೆ ಎಂಬುದು ಅವನ ಲೆಕ್ಕ! ಹಗಲು ಯಾರಾದರೂ "ಆರಾಮಾ?" ಅಂದರೂ ಸಾಕು, ಅವರ ಕೈಯಲ್ಲಿ ಗರಗಸ ಕಾಣುತ್ತಿತ್ತು.

"ಮೀನಿನವಳು ಇವತ್ತು ಎರಡು ಬಂಗಡೆ ಹೆಚ್ಚು ಹಾಕಿದ್ಲು ಮಾರಾಯ. ಎಂತಕ್ಕೆ?"

"ಅಕ್ಕನ ಗುರುತಿಗೆ" ಅಂದೆ.

"ಅಲ್ಲ. ಅವಳ ಗಂಡ ಬಡಗಿ!"

ಕೊನೆಗೊಂದು ಉಪಾಯ ಹೂಡಿದ. ಮರದ ಬುಡಕ್ಕೆ ಕಲ್ಲಿಟ್ಟು, ಕುಂಕುಮ ಬಳಿದು, ದಾಸವಾಳ ಏರಿಸಿ ಬಂದ. ದೇವರ ಮರ ಎಂದ ಮೇಲೆ ಯಾರು ಕೊಯ್ಯುತ್ತಾರೆ? ನಾನು ಕಂಡುಬಿಟ್ಟದ್ದಕ್ಕೆ, ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಆಣೆ ಹಾಕಿಸಿಕೊಂಡ. ಕಾಡಿಗೆ ದರಕು, ಅಂದರೆ ಒಣಗಿದೆಲೆ, ಗುಡಿಸಿ ತರಲು ಹೋದ ಹೆಂಗಸರು ಕೈಮುಗಿದರು. ಆಮೇಲೆ ಕಾಯಿ ಒಡೆದರು. ಯಾರೋ ಗಂಟೆಯನ್ನೂ ಕಟ್ಟಿದರು. ಗಾರ್ಡೇ ಬೂಟು ಬಿಚ್ಚಿ ನಿಂತ! ಇನ್ನಾದರೂ ಭಾವ ಮಲಗಬಹುದಿತ್ತು. ಎಲ್ಲಿಯ ಮಾತು!

"ಆ ಗಂಟೆ ಕಟ್ಟಿದವ ಯಾರು? ಅವನಿಗೂ ಮರದ ಮೇಲೆ ಕಣ್ಣಿದೆ!"

ಅಂತೂ ಸಾಹೇಬರ ಹೂಂ ಬಂತು. ಮಾರನೇ ಬೆಳಿಗ್ಗೆಯೇ ಭಾವ ಗರಗಸ ಹಿಡಿದು ನನ್ನನ್ನು ಎಳೆದುಕೊಂಡು ಹೊರಟ.

"ದೇವ್ರ ಮರಕ್ಕೆ ಗರಗಸ ಹಾಕಿದ್ರೆ ಜನ ಸುಮ್ನೆ ಬಿಡ್ತಾರಾ ಭಾವ?"

"ನಾ ಇಟ್ಟ ದೇವ್ರು. ನಾನೇ ತೆಗೀತೆ."

ಮರದ ಹತ್ತಿರ ಯಾರೋ ಕೂತಿದ್ದರು. "ಕಂಡ್ಯಾ? ನಾ ಹೇಳ್ಲಿಲ್ವಾ?" ಎಂದು ನನ್ನನ್ನು ಪೊದೆಯ ಹಿಂದೆ ಕೆಡವಿದ. ಇಣುಕಿ ನೋಡಿದರೆ ಅಕ್ಕ! ಸೆರಗು ಹೊದ್ದು, ಕಲ್ಲಿನ ಮುಂದೆ ಕೈಮುಗಿದು ಮಾತಾಡುತ್ತಿದ್ದಳು.

"ಇವ್ರಿಗೆ ರಾತ್ರಿ ನಿದ್ದೆಯೇ ಇಲ್ಲ ದೇವ್ರೆ. ಹೊಟ್ಟೆನೋವು ಅಂತ್ರು. ಇನ್ನೂ ದೊಡ್ಡದು ಎಂತದೋ ಇದ್ದು ಮುಚ್ಚಿಡ್ತ್ರಾ ಏನ, ನಂಗೆ ಹೆದ್ರಿಕೆ. ಕಣ್ತುಂಬ ನಿದ್ದೆ ಕೊಡು ಸಾಕು. ಅಡುಗೆಮನೆ ಆಗ್ದಿದ್ರೂ ಆತು."

ಭಾವ ಗರಗಸವನ್ನು ಮೆಲ್ಲಗೆ ಕೆಳಗಿಟ್ಟ. ಅವನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

"ಅಕ್ಕಂಗೆ ನಿಜ ಹೇಳುದಾ?" ಅಂದೆ.

"ಸುಮ್ನಿರು ಮಾರಾಯ. ಮಾಡಿಗೆ ತಗಡು ತಂದ್ರಾತು."

ಅಂದು ಮಧ್ಯಾಹ್ನ ಉಂಡವನೇ ಜಗಲಿಯಲ್ಲಿ ಚಾಪೆ ಹಾಸಿ ಗೊರಕೆ ಶುರುಮಾಡಿದ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು, ನೋಡಿಯೇ ನೋಡಿದಳು. ನನಗೆ ಮಾತಾಡಬೇಡ ಎಂದು ಸನ್ನೆ ಮಾಡಿ, ಕಾಡಿನ ಕಡೆ ತಿರುಗಿ ಕೈಮುಗಿದು, ಹೆಜ್ಜೆ ಸಪ್ಪಳವಾಗದಂತೆ ಒಳಗೆ ಹೋದಳು.

ಗೊರಕೆ ನಿಂತಿತು. ಭಾವ ತಲೆಯೆತ್ತಿ ಪಿಸುಗುಟ್ಟಿದ:

"ನಂಬಿದ್ಲಾ?"