ಹಟ್ಟಿ ಲಕ್ಕವ್ವನಿಗೆ ನಮ್ಮನೆ ಆವರಿಕೆ

ಜಗಳೂರಿನಲ್ಲಿ ಆವರಿಕೆ ಬೆಳೆಸುವುದೆಂದರೆ ಕಾಗೆ ಸಾಕಿದ ಹಾಗೆ. ಊರಾಚೆ ಕಾಲಿಟ್ಟರೆ ಸಾಕು, ಯಾರೂ ನೀರು ಹಾಕದಿದ್ದರೂ ಹಳದಿ ಹೂ ಬಿಟ್ಟು ನಿಂತಿರುತ್ತದೆ. ಅಂಥದ್ದನ್ನೇ ನಾನು ಕಾಂಪೌಂಡಿನೊಳಗೆ ಬೆಳೆಸಲು ತೀರ್ಮಾನಿಸಿದೆ. ನಮ್ಮ ಬೋರಿನ ಸವಳು ನೀರು ಕುಡಿದ ಗುಲಾಬಿಗಳೆಲ್ಲ ಒಂದೊಂದಾಗಿ ಶಿವನ ಪಾದ ಸೇರಿದ್ದವು.

ಸುಮ್ಮನೆ ಬೆಳೆಸಿದ್ದರೆ ಆಗುತ್ತಿತ್ತು. ಪಕ್ಕದ ಮನೆ ಗಂಗಕ್ಕನ ಮುಂದೆ ಬಾಯಿ ಬಿಟ್ಟೆ. ದೀಪಾವಳಿಗೆ ಸಗಣಿಯಲ್ಲಿ ಹಟ್ಟಿ ಲಕ್ಕವ್ವನನ್ನು ಮಾಡಿ ಆವರಿಕೆ ಹೂ ಮುಡಿಸುವುದು ನಮ್ಮ ಕಡೆಯ ಪದ್ಧತಿ. ಆ ಹೂವಿಗೆ ಗಂಡಸರು ಗುಡ್ಡ ಹತ್ತುತ್ತಾರೆ. ಮುಂದಿನ ದೀಪಾವಳಿಗೆ ಓಣಿಗೆಲ್ಲ ನಮ್ಮನೆ ಹೂವೇ ಎಂದು ಘೋಷಿಸಿಬಿಟ್ಟೆ. ಗಂಗಕ್ಕ ನಕ್ಕಳು. ಆ ನಗೆಯೇ ನನ್ನನ್ನು ಕೆಡಿಸಿತು.

ಮೊದಲ ಸಸಿಗೆ ಎರಡು ಹೊತ್ತೂ ನೀರು ಹಾಕಿದೆ. ಬರಗಾಲಕ್ಕೂ ಬಗ್ಗದ ಗಿಡ ನನ್ನ ಪ್ರೀತಿಗೆ ಕೊಳೆತು ಸತ್ತಿತು! ಎರಡನೆಯದನ್ನು ತಿರುಗಿಯೂ ನೋಡಲಿಲ್ಲ. ಅದು ಸೊಂಟದೆತ್ತರ ಬೆಳೆದು ಮೊಗ್ಗು ಬಿಟ್ಟಿತು. ಹಳದಿ ಚಿಟ್ಟೆಗಳು ಬಂದವು. ಓಣಿಯವರನ್ನೆಲ್ಲ ಕರೆದು ತೋರಿಸಿ ಬೀಗಿದೆ. ಅವು ಬಂದದ್ದು ಮೊಟ್ಟೆ ಇಡಲಿಕ್ಕೆ! ಹಬ್ಬ ಹತ್ತಿರ ಬಂದಾಗ ಗಿಡದ ತುಂಬ ಹಸಿರು ಹುಳ.

ಔಷಧಿ ಹೊಡೆಯೋಣವೆಂದರು ಯಜಮಾನರು. ಹೊಡೆದರೆ ತವರಿಗೆ ಹೋಗುತ್ತೇನೆ, ಈ ಹುಳವೇ ನಾಳೆಯ ಚಿಟ್ಟೆ ಎಂದು ಗುಡುಗಿದೆ.

"ಹಂಗಾದ್ರೆ ಲಕ್ಕವ್ವಗೆ ಚಿಟ್ಟೆ ಮುಡಿಸ್ತೀಯೇನು?" ಎಂದರು.

ಹುಳಗಳು ಎಲೆ, ಮೊಗ್ಗು ಒಂದನ್ನೂ ಬಿಡಲಿಲ್ಲ. ಹಬ್ಬಕ್ಕೆ ಉಳಿದದ್ದು ಬರೀ ಕಡ್ಡಿ. ಆದರೆ ಸೋಲುವವಳು ನಾನಲ್ಲ. ನಸುಕಿನಲ್ಲೇ ಯಜಮಾನರನ್ನು ಗುಡ್ಡಕ್ಕೆ ಅಟ್ಟಿದೆ. ಅವರು ಚೀಲದ ತುಂಬ ತಂದ ಹೂವನ್ನು ಇಬ್ಬರೂ ಕೂತು ಬಿಳಿ ದಾರದಲ್ಲಿ ಕಡ್ಡಿಗಳಿಗೆ ಕಟ್ಟಿದೆವು. ಬಿಸಿಲೇರುತ್ತಲೇ ದುಂಬಿಗಳು ಬಂದು ಕೂತವು. ದುಂಬಿ ನಂಬಿತು. ಗಂಗಕ್ಕ ನಂಬಲಿಲ್ಲ.

ಓಣಿಯವರ ಜೊತೆ ತಟ್ಟೆ ಹಿಡಿದು ಬಂದವಳು ಒಂದು ಹೂ ಕೀಳಲು ಹೋದಳು. ಬರಲಿಲ್ಲ. ಜಗ್ಗಿದಳು. ಮೊಳ ದಾರದ ಜೊತೆ ನಾಲ್ಕು ಗೊಂಚಲು ಕೈಗೆ ಬಂದವು.

"ಎಲ್ಲಾರ ಮನ್ಯಾಗೆ ಗಿಡ ಬೀಜದಿಂದ ಬರ್ತೈತೆ. ನಿಂದು ದಾರದಿಂದ ಬಂದೈತಲ್ಲವ್ವಾ" ಎಂದಳು.

"ಹೂವೂ ಖರೇ ಐತೆ, ಗಿಡಾನೂ ಖರೇ ಐತೆ. ನಡುವೆ ಒಂದೆಳೆ ದಾರ ಇದ್ರೆ ನಿಮಗೇನು ಕಷ್ಟ ಗಂಗಕ್ಕಾ?" ಎಂದೆ. ಓಣಿಯವರು ಹೊಟ್ಟೆ ಹಿಡಿದು ನಕ್ಕರು. ಹೂವನ್ನು ಮಾತ್ರ ಒಬ್ಬರೂ ಬಿಟ್ಟು ಹೋಗಲಿಲ್ಲ.

ಆ ಗಿಡ ಕಿತ್ತುಹಾಕು ಎಂದವರು ಬಹಳ ಜನ. ಕೀಳುವುದಿಲ್ಲ. ಔಷಧಿಯನ್ನೂ ಹೊಡೆಯುವುದಿಲ್ಲ. ಈ ವರ್ಷ ಅದು ಮತ್ತೆ ಚಿಗುರಿದೆ, ಚಿಟ್ಟೆಗಳೂ ಹಾಜರು. ಈ ಸಲವೂ ಓಣಿಗೆಲ್ಲ ನಮ್ಮನೆ ಹೂವೇ ಎಂದು ಗಂಗಕ್ಕನಿಗೆ ಕೇಳುವಂತೆ ಸಾರಿದ್ದೇನೆ.

ಅದನ್ನು ಕೇಳಿಸಿಕೊಂಡ ಯಜಮಾನರು ಸಂಜೆ ಪೇಟೆಯಿಂದ ಒಂದುಂಡೆ ದಾರ ತಂದಿಟ್ಟರು. ಈ ಸಲ ಹಸಿರು ಬಣ್ಣದ್ದು.