ಮಾಗೋಡು ಕ್ರಾಸಿನಲ್ಲಿ ನನ್ನ ಲಾರಿಯ ಚಕ್ರದಡಿ ಬಿಜಯಂಗೈದಿರುವ ವೀರರಿಗೆ

ಮಾನ್ಯರೇ, ಶಿಲಾರೂಪಿಗಳೇ, ಹೆಸರು ತಿಳಿಯದ ಮಹಾವೀರರೇ,

ಯಲ್ಲಾಪುರದ ಲಾರಿ ಮಾಲೀಕನೂ ಆ ಲಾರಿಯ ಏಕೈಕ ಚಾಲಕನೂ ಆದ ಮುಜೀಬನು, ತಮ್ಮ ಎತ್ತಿದ ಕತ್ತಿಗೂ, ತಮ್ಮ ಕಾಲಬುಡದ ಹಸುಗಳಿಗೂ, ಅರ್ಧಕ್ಕೆ ತುಂಡಾಗಿರುವ ತಮ್ಮ ಕುದುರೆಗೂ ಬೇರೆಬೇರೆಯಾಗಿ ಸಲಾಂ ಸಲ್ಲಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ದಯವಿಟ್ಟು ನನ್ನ ಲಾರಿಯನ್ನು ಬಿಡಿಸಿಕೊಡಬೇಕು. ಇದೇ ಮನವಿಯನ್ನು ಮೊದಲು ಶಿಲಾ ಪರಂಪರೆ ರಕ್ಷಣಾ ಮಂಡಳಿಗೆ ಕೊಟ್ಟಿದ್ದೆ. ಬದುಕಿರುವವರ ಅರ್ಜಿ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಅವರು ತಿಳಿಸಿದ್ದರಿಂದ, ವಿಧಿಯಿಲ್ಲದೆ ತಮ್ಮನ್ನೇ ನೇರವಾಗಿ ತೊಂದರೆಪಡಿಸುತ್ತಿದ್ದೇನೆ.

ನಮ್ಮಿಬ್ಬರ ಪರಿಚಯ ಹೊಸದಲ್ಲವೆಂಬುದು ತಮಗೂ ಗೊತ್ತು. ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಹತ್ತಿರ ಮಳೆಗೆ ಮೋರಿ ಕಿತ್ತುಹೋದಾಗ, ರಸ್ತೆ ಬದಿಯ ಕಲ್ಲುರಾಶಿಯಲ್ಲಿ ಕೇಳುವವರಿಲ್ಲದೆ ಬಿದ್ದಿದ್ದ ತಮ್ಮನ್ನು ಲಾರಿಗೆ ಹತ್ತಿಸಿಕೊಂಡವನು ನಾನೇ. ಘಟ್ಟದಲ್ಲಿ ಗಾಡಿ ನಿಲ್ಲಿಸಿದರೆ ಚಕ್ರಕ್ಕೊಂದು ಕಲ್ಲು ಕೊಡದೆ ನಮ್ಮ ಲಾರಿಯವರು ಚಹಾ ಕುಡಿಯುವುದಿಲ್ಲ. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟುಹೋಗುವ ಮಹಾನುಭಾವರೂ ಇದ್ದಾರೆ, ನಾನು ಮಾತ್ರ ನನ್ನ ಕಲ್ಲನ್ನು ಜೊತೆಗೇ ಒಯ್ಯುವವನು. ಬದುಕಿದ್ದಾಗ ತಾವು ಎಲ್ಲಿಯವರೆಗೆ ದಂಡೆತ್ತಿ ಹೋಗಿದ್ದಿರೋ ಕಾಣೆ, ನನ್ನ ಲಾರಿಯಲ್ಲಂತೂ ಅಂಕೋಲೆ, ಹುಬ್ಬಳ್ಳಿ, ಗೋವೆಗಳನ್ನೆಲ್ಲ ಕಂಡಿರಿ. ತಮ್ಮ ಕೆತ್ತನೆಯ ಬದಿಯನ್ನು ನೆಲಕ್ಕೆ ಹಾಕಿದರೆ ಎಂಥ ಇಳಿಜಾರಿನಲ್ಲೂ ಗಾಡಿ ಜಾರುತ್ತಿರಲಿಲ್ಲ. ಎತ್ತಿದ ಕೈ ನೋಡಿ ತಮ್ಮನ್ನು ಹಳೇ ಕಾಲದ ಟ್ರಾಫಿಕ್ ಪೊಲೀಸರೆಂದು ತಿಳಿದಿದ್ದೆ, ಕ್ಷಮೆಯಿರಲಿ.

ಅಂದು ಬನವಾಸಿ ಕಡೆಯ ಅನಾನಸು ತುಂಬಿಕೊಂಡು ಬಂದವನು, ಗೌರಕ್ಕನ ಚಹಾದಂಗಡಿಯ ಮುಂದೆ ಅವಸರದಲ್ಲಿ ತಮ್ಮ ಮುಖವನ್ನು ಹೊರಗೆ ಮಾಡಿ ಚಕ್ರದಡಿ ಇಟ್ಟೆ. ಅಷ್ಟೇ! ಮಾಗೋಡು ಜಲಪಾತ ನೋಡಿಕೊಂಡು ಬಂದ ಮಂಡಳಿಯ ಸಂಶೋಧಕ ದರ್ಶನರು ತಮ್ಮನ್ನು ಕಂಡು "ವೀರಗಲ್ಲು!" ಎಂದು ಕೂಗಿಕೊಂಡ ರಭಸಕ್ಕೆ ಗೌರಕ್ಕನ ಹಾಲು ಉಕ್ಕಿಹೋಯಿತು. ನಾನು ಲೋಟ ಕೆಳಗಿಡುವಷ್ಟರಲ್ಲಿ ತಮ್ಮ ಸುತ್ತ ಹಗ್ಗ ಬಿದ್ದಿತ್ತು. ಸಿಕ್ಕಿದ್ದನ್ನು ಸಿಕ್ಕ ಸ್ಥಿತಿಯಲ್ಲೇ ಉಳಿಸಬೇಕೆಂಬುದು ಮಂಡಳಿಯ ನಿಯಮವಾದ್ದರಿಂದ, ಕಲ್ಲು, ಕಲ್ಲಿನ ಮೇಲಿನ ಚಕ್ರ, ಚಕ್ರದ ಮೇಲಿನ ಲಾರಿ, ಲಾರಿಯೊಳಗಿನ ಅನಾನಸು ಎಲ್ಲವೂ ಒಂದೇ ಪ್ರಾಚೀನ ನೆಲೆಯಾಗಿ ಘೋಷಣೆಯಾದವು. ಕಲ್ಲನ್ನು ಹೆಗ್ಗರಣೆಯಿಂದ ತಂದವನು ನಾನೇ ಎಂದು ಗೋಗರೆದೆ. "ಮುಜೀಬ್ ಸಾಹೇಬ್ರೆ, ನಿಮ್ಮ ಮಾತಿಗೆ ಸಾಕ್ಷಿ ಇಲ್ಲ, ಕಲ್ಲು ಇಲ್ಲೇ ಇದೆಯಲ್ಲ. ಲಾರಿ ಈಗ ನಿಮ್ಮದಲ್ಲ, ಇತಿಹಾಸದ್ದು" ಎಂದು ಬೆನ್ನು ತಟ್ಟಿದರು.

ಆಮೇಲೆ ಬಂದ ವರದಿಯನ್ನು ಹೆಮ್ಮೆಯಿಂದ ಎರಡೆರಡು ಸಲ ಓದಿದೆ. ತಾವು ಮಡಿದದ್ದು ಸಾಕ್ಷಾತ್ ಮಾಗೋಡು ಕ್ರಾಸಿನಲ್ಲೇ, ಚಹಾದಂಗಡಿಗೆ ತುಸು ಮೂಡಲಲ್ಲಿ. ಅನಾನಸು ತಮಗೆ ತಲೆತಲಾಂತರದಿಂದ ನಡೆದುಬಂದ ನೈವೇದ್ಯ. ಹೊರಡುವಾಗ ಚಕ್ರದಡಿ ಇಟ್ಟು ಹಾಯಿಸಿದ್ದ, ಟೈರಿಗೆ ಅಂಟಿಕೊಂಡೇ ಬಂದ ನಿಂಬೆಹಣ್ಣಿನ ಸಿಪ್ಪೆ, ನರಬಲಿಯ ಬದಲಿ ವಿಧಿ. ದೃಷ್ಟಿ ತಾಗದಿರಲೆಂದು ಲಾರಿಯ ಹಿಂದೆ ತೂಗುಹಾಕಿದ್ದ ಹಳೇ ಚಪ್ಪಲಿ, ತಮ್ಮ ಪಾದುಕೆಯ ಆರಾಧನೆ. ಅದು ನನ್ನ ಹೆಂಡತಿ ಶಮ್ಸುನ್ನಿಸಾಳ ಚಪ್ಪಲಿಯೆಂದು ನಾನು ಆಕ್ಷೇಪಿಸಿದ್ದನ್ನು 'ಸ್ಥಳೀಯ ಐತಿಹ್ಯ' ಎಂಬ ತಲೆಬರಹದಡಿ ಸೇರಿಸಿಕೊಂಡಿದ್ದಾರೆ, ಮತ್ತು ಅದರ ಜೋಡಿಯನ್ನೂ ಕೂಡಲೇ ಒಪ್ಪಿಸತಕ್ಕದ್ದೆಂದು ಆಕೆಗೆ ನೋಟಿಸು ಬಂದಿದೆ.

ತಮ್ಮ ಕೀರ್ತಿಗಂತೂ ಈಗ ಮಿತಿಯಿಲ್ಲ. ಯುವಕ ಮಂಡಳದ ಉಲ್ಲಾಸ ಎಂಬವನು ರಸ್ತೆಗೆ ಅಡ್ಡಲಾಗಿ 'ವೀರ ರಣಭೂಮಿ' ಎಂಬ ಕಮಾನು ಕಟ್ಟಿಸಿ, ತಮ್ಮ ಮುಖ ಸವೆದುಹೋಗಿರುವುದರಿಂದ ಫ್ಲೆಕ್ಸಿನಲ್ಲಿ ತನ್ನದೇ ಮುಖ ಹಾಕಿಸಿದ್ದಾನೆ. ಶಾಲೆಯ ಮಕ್ಕಳು ಲಾರಿಯ ಸುತ್ತ ಪ್ರದಕ್ಷಿಣೆ ಬರುತ್ತಾರೆ, ದೊಡ್ಡವರು ಬಂಪರಿಗೆ ಕಾಯಿ ಒಡೆಯುತ್ತಾರೆ. ತಮ್ಮ ಮೇಲೆ ತಗಡಿನ ಮಾಡು ಎದ್ದ ದಿನ ಗೌರಕ್ಕ, "ಎಂತ ಮಾರಾಯ್ರೆ ಇದು, ಕಲ್ಲಿಗೆ ಮಾಡು ಕಟ್ಟಿಕೊಟ್ರು, ನಿಮಗೊಂದು ಕುರ್ಚಿನಾದ್ರೂ ಕೊಡಬಾರ್ದಾ?" ಎಂದು ಮರುಗಿ ತನ್ನ ಅಂಗಡಿಯ ಸ್ಟೂಲು ಕೊಟ್ಟಳು. ಅದಕ್ಕೂ ಮರುದಿನ ಹಗ್ಗ ಬಿತ್ತು.

ಊರಿಗೆ ಇದು ನಗೆಯಾಗಿರಬಹುದು, ನನಗೆ ಹೊಟ್ಟೆ ಉರಿಯುತ್ತದೆ ಸ್ವಾಮೀ. ಆ ಲಾರಿಯೇ ನಮ್ಮ ಮನೆಯ ಅನ್ನ. ಟೈರು ಬಿರುಕು ಬಿಟ್ಟಿದೆ, ಅನಾನಸು ಕೊಳೆತು ನೀರಾಗಿ ಹರಿದುಹೋಯಿತು, ಗೌರಕ್ಕನ ಕೋಳಿ ನನ್ನ ಸೀಟಿನಲ್ಲಿ ಕಾವಿಗೆ ಕೂತಿದೆ. ಶಮ್ಸುನ್ನಿಸಾ ನಿನ್ನೆ ಒಲೆಯ ಮುಂದೆ ಕೂತು, "ಸತ್ತವರಿಗಾಗಿ ಇಷ್ಟು ಜನ ಓಡಾಡ್ತಾರೆ, ನಮಗೋಸ್ಕರ ಒಬ್ಬರೂ ಇಲ್ವಲ್ಲ" ಎಂದು ಅತ್ತಳು. ಅದಕ್ಕೇ ಇಂದು ಈ ಪತ್ರ ಬರೆಯಲು ಕೂತೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ದರ್ಶನರ ಕನಸಿಗೆ ಹೋಗಿ ತಮ್ಮ ಖಾಯಂ ವಿಳಾಸ ಹೆಗ್ಗರಣೆಯೆಂದು ಸ್ಪಷ್ಟಪಡಿಸಬೇಕು. ಅಲ್ಲಿಯವರೆಗೆ ಹೋಗಲು ಬೇಸರವಾದರೆ, ಅಷ್ಟು ಕಾಲದಿಂದ ಎತ್ತಿಯೇ ಇಟ್ಟುಕೊಂಡಿರುವ ಆ ಕತ್ತಿಯನ್ನು ಒಂದು ಸಲ ಇಳಿಸಿ ಹಗ್ಗವನ್ನಾದರೂ ಕತ್ತರಿಸಿಕೊಡಬೇಕು. ಯಾರದೋ ಹಸುಗಳನ್ನು ಬಿಡಿಸಲು ಹೋಗಿ ಪ್ರಾಣ ಕೊಟ್ಟವರು ತಾವು. ಒಂದು ಲಾರಿ ತಮಗೆ ಯಾವ ಲೆಕ್ಕ?

ತಮ್ಮನ್ನು ಗೋವೆಯವರೆಗೂ ಹೊತ್ತು ತಿರುಗಿಸಿದ, ಈಗ ಬಸ್ಸಿನಲ್ಲಿ ನಿಂತು ಓಡಾಡುತ್ತಿರುವ
ತಮ್ಮ ವಿಶ್ವಾಸಿ,
ಮುಜೀಬ್, ಯಲ್ಲಾಪುರ

ತಾ.ಕ.: ಪತ್ರ ಮಡಚುವಾಗಲೇ ಶುಭಸುದ್ದಿ ಬಂತು. ತಮ್ಮನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಲು ಮಂಡಳಿ ಒಪ್ಪಿದೆಯಂತೆ, ಅದಕ್ಕೊಂದು ಲಾರಿ ಬೇಕಂತೆ, ನನ್ನದು ಹೇಗೂ ಸುಮ್ಮನೆ ನಿಂತಿದೆಯಲ್ಲ ಎಂದು ನನ್ನನ್ನೇ ಕೇಳಿದ್ದಾರೆ. ಸಂತೋಷದಿಂದ ಒಪ್ಪಿದ್ದೇನೆ. ಆದರೆ ಮಂಡಳಿಯ ನಿಯಮದಂತೆ ಕಲ್ಲು ಹೊರಡುವ ತನಕ ಲಾರಿ ಅಲುಗಬಾರದು, ಲಾರಿ ಅಲುಗುವ ತನಕ ಕಲ್ಲು ಏಳುವುದಿಲ್ಲ. ಆದ್ದರಿಂದ ತಾವೇ ಎದ್ದು ಬಂದು ಹತ್ತಿಕೊಳ್ಳಬೇಕಾಗಿ ಪ್ರಾರ್ಥನೆ. ಡೀಸೆಲ್ ಹಾಕಿಸಿ ಕಾಯುತ್ತಿದ್ದೇನೆ.